ಒಡಹುಟ್ಟಿದವರ ಕಂಪೆನಿಯೂ ನ್ಯಾಯಸ್ಥಾನವೂ

ಅಡಿಗೆ, ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ ಮೊದಲಾದ ಗೃಹಕೃತ್ಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಕಂಪೆನಿಯ ಕಾನೂನಿಗೆ ಏನು ಕೆಲಸವೆಂದು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಆದರೆ ನಮ್ಮ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಮಾಡತಕ್ಕವರು ಈ ಪ್ರಶ್ನೆಯನ್ನು ಕೇಳಲಾರರು. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಓಣಿಗಳು, ಮಾಗಡಿ ರಸ್ತೆಯ ಇಕ್ಕೆಲಗಳು, ಕೆಂಗೇರಿಯನ್ನು ದಾಟಿದ ಮೇಲೆ ಕುಂಬಳಗೋಡು — ಎಲ್ಲಿ ನೋಡಿದರೂ ಲೇತಿನ ಸದ್ದು, ಅಚ್ಚಿನ ಯಂತ್ರದ ಸದ್ದು ಕೇಳಿಬರುವುದಷ್ಟೆ. ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘವು ವಿಜಯನಗರದಲ್ಲಿ ತನ್ನ ಕಟ್ಟಡವನ್ನು ಮಾಡಿಕೊಂಡಿರುವುದು ಈ ಪ್ರದೇಶಕ್ಕೆ ಒಪ್ಪುವಂಥದೇ. ಈ ಷೆಡ್ಡುಗಳಲ್ಲಿ ಎಷ್ಟೋ ಕಡೆ ಬಾಗಿಲ ಮೇಲಿನ ಹಲಗೆಯಲ್ಲಿ ‘ಪ್ರೈವೇಟ್ ಲಿಮಿಟೆಡ್’ ಎಂಬ ಎರಡು ಪದಗಳಿರುತ್ತವೆ. ಒಳಗೆ ಹೋಗಿ ನೋಡಿದರೆ ಅಣ್ಣ, ತಮ್ಮ, ಅವರ ತಂದೆ, ಹೆಚ್ಚೆಂದರೆ ಒಬ್ಬ ಭಾವಮೈದುನ. ಕಾಗದದಲ್ಲಿ ಅದು ಕಂಪೆನಿ. ಊಟದ ಹೊತ್ತಿನಲ್ಲಿ ಅದು ಸಂಸಾರ. ಮನೆಯ ಗೃಹಿಣಿಯರು ಆಡಿಟರು ಗುರುತುಹಾಕಿದ ಸ್ಥಳಗಳಲ್ಲಿ ಸಹಿ ಮಾಡಿ, ತಾವು ಷೇರುದಾರರೆಂಬುದನ್ನೂ ಕೆಲವು ವೇಳೆ ಡೈರೆಕ್ಟರುಗಳೆಂಬುದನ್ನೂ ಮರೆತುಬಿಟ್ಟಿರುತ್ತಾರೆ. ಆದಕಾರಣ ಈ ವಿಷಯಕ್ಕೆ ಈ ಪುಟದಲ್ಲಿ ಎಡೆಯುಂಟೆಂದು ನಾವು ಭಾವಿಸುತ್ತೇವೆ. ನಾವು ವಕೀಲರಲ್ಲ, ಹುಡುಗರಿಗೆ ಸಂಸ್ಕೃತವನ್ನು ಕಲಿಸಿ ವಿಶ್ರಾಂತರಾದವರು. ಆದರೆ ದಾಯಭಾಗವೆಂಬುದು ನಮ್ಮ ಶಾಸ್ತ್ರಗಳಿಗೆ ಹೊಸ ವಿಷಯವೇನೂ ಅಲ್ಲ.

ಕೂಡಿ ವ್ಯಾಪಾರ ಮಾಡುವವರ ಜಗಳವು ಬಹು ಪ್ರಾಚೀನವಾದುದು. ಧರ್ಮಶಾಸ್ತ್ರಕಾರರು ವ್ಯವಹಾರಗಳನ್ನು ಹದಿನೆಂಟು ಪದಗಳಾಗಿ ವಿಂಗಡಿಸಿದಾಗ ‘ಸಂಭೂಯ ಸಮುತ್ಥಾನ’ವೆಂಬುದನ್ನೂ ಅವುಗಳಲ್ಲಿ ಸೇರಿಸಿದರು, ಹಲವರು ಕೂಡಿ ಲಾಭಾರ್ಥವಾಗಿ ಕೈಕೊಳ್ಳುವ ಉದ್ಯೋಗವೆಂದು ಅದರ ಅರ್ಥ. ಹಾಕಿದ ದ್ರವ್ಯಕ್ಕೆ ತಕ್ಕಂತೆಯೋ ಮಾಡಿಕೊಂಡ ಒಡಂಬಡಿಕೆಗೆ ತಕ್ಕಂತೆಯೋ ಲಾಭನಷ್ಟಗಳು ಹಂಚಿಕೆಯಾಗಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ವಂಚಕನಾದ ಪಾಲುಗಾರನನ್ನು ಲಾಭವಿಲ್ಲದೆ ಹೊರಗೆ ಹಾಕಬಹುದೆಂದೂ, ಕೆಲಸ ಮಾಡಲು ಅಶಕ್ತನಾದವನು ತನ್ನ ಪಾಲಿನ ಕೆಲಸವನ್ನು ಮತ್ತೊಬ್ಬನಿಂದ ಮಾಡಿಸಬಹುದೆಂದೂ ಅಲ್ಲಿಯೇ ಹೇಳಿದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ಕುಳಿತು ಅವನು ಬರೆದ ಗ್ರಂಥವು ಭಾರತದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ಕಾನೂನಿಗೆ ಮೂಲವಾಯಿತು.

ಹಾಗಾದರೆ ಅಣ್ಣತಮ್ಮಂದಿರು ಕಂಪೆನಿಯನ್ನೂ ಹೊಲಮನೆಗಳಂತೆ ಭಾಗಮಾಡಿಕೊಂಡರಾಯಿತಲ್ಲ ಎಂದರೆ, ಅಲ್ಲಿಯೇ ಇರುವುದು ತೊಡಕು. ಕಂಪೆನಿಯು ಕಾನೂನಿನ ದೃಷ್ಟಿಯಲ್ಲಿ ಬೇರೊಬ್ಬ ವ್ಯಕ್ತಿ. ೧೮೯೬ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಈ ತತ್ತ್ವವನ್ನು ಸ್ಥಿರಪಡಿಸಿದುದೂ ಒಂದು ಮನೆತನದ ಕಂಪೆನಿಯ ಮೊಕದ್ದಮೆಯಲ್ಲಿಯೇ. ಸಾಲೊಮನ್ ಎಂಬ ಪಾದರಕ್ಷೆಯ ವ್ಯಾಪಾರಿಯು ತಾನು, ತನ್ನ ಹೆಂಡತಿ, ಒಬ್ಬ ಮಗಳು, ನಾಲ್ವರು ಗಂಡುಮಕ್ಕಳು — ಇಷ್ಟೇ ಜನರಿಂದ ಕಂಪೆನಿಯನ್ನು ಕಟ್ಟಿದ್ದನು. ಆದರೂ ಕಂಪೆನಿಯು ಬೇರೆ, ಸಾಲೊಮನ್ನನು ಬೇರೆ ಎಂದು ತೀರ್ಪಾಯಿತು. ಕಂಪೆನಿಯ ಆಸ್ತಿಯಲ್ಲಿ ಷೇರುದಾರನಿಗೆ ನೇರವಾದ ಸ್ವಾಮ್ಯವಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ ೧೯೫೪ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎರಡು ಲೇತುಗಳಿದ್ದರೆ ಅಣ್ಣನಿಗೊಂದು ತಮ್ಮನಿಗೊಂದು ಎಂದು ಎತ್ತಿಕೊಂಡು ಹೋಗುವಂತಿಲ್ಲ. ಅವೆರಡೂ ಇಬ್ಬರವೂ ಅಲ್ಲ, ಕಂಪೆನಿಯವು. ಇಬ್ಬರ ಕೈಯಲ್ಲಿರುವುದು ಷೇರು ಮಾತ್ರ. ಪ್ರೈವೇಟ್ ಕಂಪೆನಿಯ ನಿಯಮಾವಳಿಯು ಷೇರಿನ ವರ್ಗಾವಣೆಗೆ ನಿರ್ಬಂಧವನ್ನು ಹಾಕಿರಲೇಬೇಕಾದುದರಿಂದ ಅದನ್ನು ಮನಬಂದಂತೆ ಹೊರಗಿನವರಿಗೆ ಮಾರುವುದಕ್ಕೂ ಆಗುವುದಿಲ್ಲ. ಹಾಗೆ ಮಾರಹೊರಟರೂ ಅಣ್ಣತಮ್ಮಂದಿರ ಜಗಳದ ನಡುವೆ ತಲೆಹಾಕಿ ಸಣ್ಣ ಪಾಲನ್ನು ಕೊಳ್ಳುವ ಧೈರ್ಯವಂತನಾರು?

ದೃಷ್ಟಾಂತಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ಕಾಮಾಕ್ಷಿಪಾಳ್ಯದಲ್ಲಿ ಷೆಡ್ಡು, ಬಸವೇಶ್ವರನಗರದಲ್ಲಿ ಮನೆ. ನೂರು ಷೇರುಗಳಲ್ಲಿ ತಂದೆಯವು ನಲವತ್ತು, ಹಿರಿಯ ಮಗನವು ಮೂವತ್ತು, ಕಿರಿಯನವು ಮೂವತ್ತು. ಲಾಭವನ್ನು ಡಿವಿಡೆಂಡಾಗಿ ಹಂಚುವ ಪದ್ಧತಿಯಿಲ್ಲ. ಮೂವರೂ ಡೈರೆಕ್ಟರುಗಳೆಂದು ಸಂಬಳ ತೆಗೆದುಕೊಳ್ಳುತ್ತಾರೆ. ತಂದೆಯು ಇರುವವರೆಗೆ ಅವರ ಮಾತೇ ನಿಯಮಾವಳಿ. ಅವರು ಮರಣಶಾಸನವನ್ನು ಬರೆಯದೆ ಕಾಲವಾದರೆಂದು ಇಟ್ಟುಕೊಳ್ಳಿ. ಅವರ ತಾಯಿಯು ಮೊದಲೇ ತೀರಿಕೊಂಡಿದ್ದರೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನಿನ ಮೇರೆಗೆ ಅವರ ಸ್ವಂತದ ನಲವತ್ತು ಷೇರುಗಳು ಹೆಂಡತಿಗೂ, ಇಬ್ಬರು ಗಂಡುಮಕ್ಕಳಿಗೂ, ಕೆಂಗೇರಿಗೆ ಮದುವೆಮಾಡಿ ಕೊಟ್ಟಿರುವ ಮಗಳಿಗೂ ತಲಾ ಹತ್ತರಂತೆ ಸೇರುತ್ತವೆ. ಅಣ್ಣನಿಗೆ ನಲವತ್ತು, ತಮ್ಮನಿಗೆ ನಲವತ್ತು, ತಾಯಿಗೆ ಹತ್ತು, ಮಗಳಿಗೆ ಹತ್ತು. ನೋಡಿರಿ, ನಿನ್ನೆಯವರೆಗೆ ಷೆಡ್ಡಿನ ಒಳಗೆ ಕಾಲಿಡದಿದ್ದ ಇಬ್ಬರು ಹೆಂಗಸರ ಕೈಗೆ ತಕ್ಕಡಿಯು ಬಂದಿತು!

ತಾಯಿಯು ಹಿರಿಯನ ಪಕ್ಷ, ಮಗಳು ಕಿರಿಯನ ಪಕ್ಷವೆಂದಾದರೆ ಐವತ್ತಕ್ಕೆ ಐವತ್ತು. ಸಭೆಯ ಅಧ್ಯಕ್ಷನಿಗೆ ಹೆಚ್ಚಿನದೊಂದು ಮತವನ್ನು ನಿಯಮಾವಳಿಯು ಕೊಟ್ಟಿರದಿದ್ದರೆ ಯಾವ ನಿರ್ಣಯವೂ ಸಾಗದು. ಬ್ಯಾಂಕಿಗೆ ಚೆಕ್ಕು ಹೋಗದು, ಹೊಸ ಯಂತ್ರ ಬಾರದು. ತಾಯಿ ಮಗಳು ಇಬ್ಬರೂ ಒಂದೇ ಪಕ್ಷಕ್ಕೆ ಸೇರಿದರೆ ಅರವತ್ತಕ್ಕೆ ನಲವತ್ತು. ಆಗ ವಿಶೇಷ ಸೂಚನಾಪತ್ರವನ್ನು ಕೊಟ್ಟು, ಅವನ ಸಮಾಧಾನವನ್ನು ಕೇಳಿ, ಸಾಧಾರಣ ಬಹುಮತದಿಂದಲೇ ಎದುರುಪಕ್ಷದವನನ್ನು ಡೈರೆಕ್ಟರ್ ಪದವಿಯಿಂದ ತೆಗೆಯುವುದಕ್ಕೆ ಕಾನೂನು ಅವಕಾಶ ಕೊಡುತ್ತದೆ. ಪದವಿಯು ಹೋದರೆ ಸಂಬಳವು ಹೋಯಿತು. ಡಿವಿಡೆಂಡು ಮೊದಲೇ ಇಲ್ಲ. ಇಪ್ಪತ್ತು ವರ್ಷ ಎಣ್ಣೆಯ ಕೈಯಲ್ಲಿ ದುಡಿದವನಿಗೆ ನಲವತ್ತು ಷೇರುಗಳ ಕಾಗದವು ಮಾತ್ರ ಉಳಿಯಿತು. ಆ ಮೇಲೆ ಹೊಸ ಷೇರುಗಳನ್ನು ಹೊರಡಿಸಿ, ಪಾಲಿನ ಹಣವನ್ನು ಇಂತಿಷ್ಟು ದಿನಗಳೊಳಗೆ ಕಟ್ಟೆಂದರೆ, ಸಂಬಳವಿಲ್ಲದವನು ಎಲ್ಲಿಂದ ಕಟ್ಟುವನು? ಅವನ ನಲವತ್ತು ಕ್ರಮೇಣ ಇಪ್ಪತ್ತಕ್ಕಿಳಿಯುತ್ತದೆ. ಇದೆಲ್ಲವೂ ನಿಯಮದ ಅಕ್ಷರಕ್ಕೆ ಸರಿಯಾಗಿಯೇ ನಡೆಯಬಹುದು. ಅಕ್ಷರವು ಸರಿಯಾಗಿದ್ದು ನ್ಯಾಯವು ತಪ್ಪಿದಾಗ ಏನು ಗತಿ? ಇದೇ ನಾವು ಇಂದು ವಿಚಾರಿಸಬೇಕಾದ ಪ್ರಶ್ನೆ.

ಕಾನೂನು ಇಂಥವನಿಗೆ ಎರಡು ಬಾಗಿಲುಗಳನ್ನು ತೆರೆದಿದೆ. ಮೊದಲನೆಯದು ಕಂಪೆನಿಯ ಸಮಾಪನ, ಎಂದರೆ ಅದನ್ನು ಮುಚ್ಚಿ, ಆಸ್ತಿಯನ್ನು ಮಾರಿ, ಸಾಲವನ್ನು ತೀರಿಸಿ, ಉಳಿದುದನ್ನು ಹಂಚಿಬಿಡುವುದು. ಸಮಾಪನವು ‘ನ್ಯಾಯಯುತವೂ ಸಮಂಜಸವೂ’ ಆದುದೆಂದು ತೋರಿದರೆ ನ್ಯಾಯಸ್ಥಾನವು ಹಾಗೆ ಅಪ್ಪಣೆ ಮಾಡಬಹುದೆಂದು ೧೯೫೬ರ ಕಂಪೆನಿ ಕಾನೂನಿನಲ್ಲಿದ್ದಿತು. ೨೦೧೩ರ ಕಾನೂನಿನ ೨೭೧ನೆಯ ಪ್ರಕರಣದಲ್ಲಿ ಈಗಲೂ ಇದೆ. ಹಿಂದೆ ಇಂಥ ಅರ್ಜಿಗಳು ಉಚ್ಚ ನ್ಯಾಯಾಲಯಕ್ಕೆ ಹೋಗುತ್ತಿದ್ದವು. ೨೦೧೬ರ ಜೂನ್ ತಿಂಗಳಲ್ಲಿ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯು ರಚಿತವಾಯಿತು; ಆ ವರ್ಷದ ಡಿಸೆಂಬರಿನಿಂದ ಸಮಾಪನದ ಅಧಿಕಾರವೂ ಅದಕ್ಕೆ ಸೇರಿತು. ಅದರ ಪೀಠವೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಈ ಎರಡು ವಿಶೇಷಣಗಳ ಅರ್ಥವ್ಯಾಪ್ತಿಯನ್ನು ತಿಳಿಯಲು ಎರಡು ಹಳೆಯ ಮೊಕದ್ದಮೆಗಳು ಸಹಾಯಕವಾಗಿವೆ. ೧೯೧೬ರಲ್ಲಿ ಇಂಗ್ಲೆಂಡಿನ ಮುಂದೆ ಬಂದುದು ಯೆನಿಜೆ ತಂಬಾಕಿನ ಕಂಪೆನಿಯ ವಿವಾದ. ವೈನ್‌ಬರ್ಗ್ ಮತ್ತು ರಾತ್ಮನ್ ಎಂಬ ಇಬ್ಬರು ಸಿಗರೇಟು ತಯಾರಕರು ತಮ್ಮ ತಮ್ಮ ವ್ಯಾಪಾರಗಳನ್ನು ಕೂಡಿಸಿ ಕಂಪೆನಿಯನ್ನು ಕಟ್ಟಿದರು. ಇಬ್ಬರಿಗೂ ಸಮಾನವಾದ ಅಧಿಕಾರ. ಕಾಲಕ್ರಮದಲ್ಲಿ ಮನಸ್ಸು ಮುರಿದು, ಒಬ್ಬರೊಡನೊಬ್ಬರು ಮಾತನ್ನೇ ಬಿಟ್ಟರು. ಒಬ್ಬನು ಹೇಳಬೇಕಾದುದನ್ನು ಕಾರ್ಯದರ್ಶಿಯು ಮತ್ತೊಬ್ಬನಿಗೆ ಹೋಗಿ ಹೇಳಬೇಕು! ವಿಚಿತ್ರವೇನೆಂದರೆ, ಕಂಪೆನಿಗೆ ಆಗ ಒಳ್ಳೆಯ ಲಾಭವೇ ಬರುತ್ತಿದ್ದಿತು. ಆದರೂ ನ್ಯಾಯಾಧೀಶರು, ಹೆಸರು ಕಂಪೆನಿಯಾದರೂ ನಿಜವಾಗಿ ಇದು ಪಾಲುದಾರಿಕೆಯಂಥದು, ಪರಸ್ಪರ ವಿಶ್ವಾಸವು ಅಳಿದ ಮೇಲೆ ಇದನ್ನು ಮುಂದುವರಿಸುವುದು ಸಲ್ಲದೆಂದು ಸಮಾಪನಕ್ಕೆ ಅಪ್ಪಣೆಮಾಡಿದರು.

ಎರಡನೆಯದು ೧೯೭೨ರದು. ನಜಾರ್ ಮತ್ತು ಇಬ್ರಾಹಿಮಿ ಎಂಬ ಇಬ್ಬರು ಲಂಡನ್ನಿನಲ್ಲಿ ಪಾರಸೀಕ ರತ್ನಗಂಬಳಿಗಳ ವ್ಯಾಪಾರದಲ್ಲಿ ಪಾಲುಗಾರರಾಗಿದ್ದು, ೧೯೫೮ರಲ್ಲಿ ಅದನ್ನು ಕಂಪೆನಿಯಾಗಿ ಮಾರ್ಪಡಿಸಿದರು. ನಜಾರನ ಮಗನು ಸೇರಿದಾಗ ಇಬ್ಬರೂ ತಮ್ಮ ಷೇರುಗಳಿಂದ ನೂರು ನೂರು ಅವನಿಗೆ ಕೊಟ್ಟರು. ಲಾಭವು ಡೈರೆಕ್ಟರುಗಳ ಸಂಬಳವಾಗಿ ಹಂಚಿಹೋಗುತ್ತಿತ್ತೇ ಹೊರತು ಡಿವಿಡೆಂಡು ಇರಲಿಲ್ಲ. ೧೯೬೯ರಲ್ಲಿ ತಂದೆಮಕ್ಕಳು ಒಂದಾಗಿ ಮತಹಾಕಿ ಇಬ್ರಾಹಿಮಿಯನ್ನು ಡೈರೆಕ್ಟರ್ ಪದವಿಯಿಂದ ತೆಗೆದರು. ತಾನೇ ಪ್ರೀತಿಯಿಂದ ಕೊಟ್ಟ ನೂರು ಷೇರುಗಳೇ ಅವನಿಗೆ ಮುಳುವಾದವು. ನಿಯಮದ ಮೇರೆಗೆ ತೆಗೆದದ್ದು ಸರಿಯೇ. ಆದರೆ ವೈಯಕ್ತಿಕ ವಿಶ್ವಾಸದ ಮೇಲೆ ಕಟ್ಟಿದ, ಎಲ್ಲರೂ ಕೂಡಿ ನಡಸಬೇಕೆಂಬ ಒಡಂಬಡಿಕೆಯಿದ್ದ, ಷೇರನ್ನು ಮಾರಿ ಹೊರಗೆ ಹೋಗಲು ದಾರಿಯಿಲ್ಲದ ಕಂಪೆನಿಯಲ್ಲಿ ಬರಿಯ ಅಕ್ಷರಬಲದಿಂದ ಒಬ್ಬನನ್ನು ಹೊರದೂಡುವುದು ಸಮಂಜಸವಲ್ಲವೆಂದು ಪ್ರಭುಸಭೆಯು ನಿರ್ಣಯಿಸಿತು. ನಮ್ಮ ಕಾಮಾಕ್ಷಿಪಾಳ್ಯದ ಕಲ್ಪಿತ ಸಂಸಾರಕ್ಕೂ ಈ ರತ್ನಗಂಬಳಿಯ ಅಂಗಡಿಗೂ ಎಷ್ಟು ಹೋಲಿಕೆಯಿದೆಯೆಂಬುದನ್ನು ವಾಚಕರು ಗಮನಿಸಬೇಕು.

ಆದರೆ ಮನಸ್ಸು ಮುರಿಯಿತೆಂದ ಮಾತ್ರಕ್ಕೆ ನ್ಯಾಯಮಂಡಳಿಯು ಕಂಪೆನಿಗೆ ಬೀಗಹಾಕುವುದೆಂದು ಯಾರೂ ತಿಳಿಯಬಾರದು. ನಮ್ಮ ಸರ್ವೋಚ್ಚ ನ್ಯಾಯಾಲಯವು ಹಿಂದ್ ಓವರ್‌ಸೀಸ್ ಕಂಪೆನಿಯ ಮೊಕದ್ದಮೆಯಲ್ಲಿ (೧೯೭೬ರ ವರದಿಗಳಲ್ಲಿದೆ) ಈ ಪಾಲುದಾರಿಕೆಯ ತತ್ತ್ವವನ್ನು ಬಹು ಎಚ್ಚರದಿಂದ ಅನ್ವಯಿಸಬೇಕೆಂದೂ, ಸಮಾಪನವು ಕಟ್ಟಕಡೆಯ ಉಪಾಯವೆಂದೂ, ಒಬ್ಬಿಬ್ಬರ ಮನಸ್ತಾಪವನ್ನಲ್ಲದೆ ಇಡೀ ಕಂಪೆನಿಯ ಹಿತವನ್ನು ನೋಡಬೇಕೆಂದೂ ಹೇಳಿ, ಆ ಅರ್ಜಿಯನ್ನು ತಳ್ಳಿಹಾಕಿತು. ಬೇರೆ ಪರಿಹಾರವಿರುವಾಗ ಅದನ್ನು ಬಿಟ್ಟು ಅವಿವೇಕದಿಂದ ಸಮಾಪನವನ್ನೇ ಹಟಹಿಡಿದು ಕೇಳುವವನಿಗೆ ಅದನ್ನು ನಿರಾಕರಿಸಬಹುದೆಂದು ೨೦೧೩ರ ಕಾನೂನೂ ಹೇಳುತ್ತದೆ.

ಆ ಬೇರೆ ಪರಿಹಾರವೇ ಎರಡನೆಯ ಬಾಗಿಲು. ಕಂಪೆನಿಯ ವ್ಯವಹಾರವು ಯಾವನೇ ಸದಸ್ಯನಿಗೆ ಪೀಡಾಕರವಾಗಿ ನಡೆಯುತ್ತಿದ್ದರೆ ಅವನು ೨೪೧ನೆಯ ಪ್ರಕರಣದ ಮೇರೆಗೆ ನ್ಯಾಯಮಂಡಳಿಗೆ ಮೊರೆಯಿಡಬಹುದು. ಬಂಡವಾಳದಲ್ಲಿ ಹತ್ತನೆಯ ಒಂದು ಪಾಲುಳ್ಳವನಿಗೆ ಈ ಹಕ್ಕಿದೆ. ನಮ್ಮ ದೃಷ್ಟಾಂತದ ತಾಯಿಗೂ ಮಗಳಿಗೂ ಸರಿಯಾಗಿ ಅಷ್ಟೇ ಪಾಲು ಬಂದಿರುವುದರಿಂದ ಅವರಲ್ಲಿ ಒಬ್ಬೊಬ್ಬಳೂ ತಾನೊಬ್ಬಳೇ ಹೋಗಿ ನಿಲ್ಲಬಹುದು. ಸಮಾಪನಕ್ಕೆ ತಕ್ಕ ಕಾರಣಗಳು ಇದ್ದರೂ, ಮುಚ್ಚುವುದರಿಂದ ಆ ಸದಸ್ಯರಿಗೇ ಕೇಡಾಗುವುದೆಂದು ಕಂಡರೆ, ನ್ಯಾಯಮಂಡಳಿಯು ಕಂಪೆನಿಯನ್ನು ಬದುಕಿಸಿ ಜಗಳವನ್ನು ಮಾತ್ರ ಕೊನೆಗಾಣಿಸಬಹುದು: ಒಬ್ಬರ ಷೇರುಗಳನ್ನು ಮತ್ತೊಬ್ಬರು ನ್ಯಾಯವಾದ ಬೆಲೆಗೆ ಕೊಳ್ಳಬೇಕೆಂದು ವಿಧಿಸಬಹುದು, ಡೈರೆಕ್ಟರನ್ನು ತೆಗೆಯಬಹುದು, ಮುಂದಿನ ಆಡಳಿತಕ್ಕೆ ಕಟ್ಟಳೆ ಮಾಡಬಹುದು. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತಂದೆಯೂ ಮಗನೂ ಇಬ್ಬರೇ ಷೇರುದಾರರಾಗಿ, ಇಬ್ಬರೇ ಡೈರೆಕ್ಟರುಗಳಾಗಿದ್ದ ಹತ್ತಿಯ ಗಿರಣಿಯೊಂದರ ವಿವಾದವು ಬಂದಿತು. ಯಾವ ಕೆಲಸವೂ ಸಾಗದ ಸ್ಥಿತಿ. ಗಿರಣಿಯನ್ನು ಮುಚ್ಚಿಸದೆ, ಬೆಲೆಕಟ್ಟಿಸಿ ಒಬ್ಬರ ಷೇರುಗಳನ್ನು ಇನ್ನೊಬ್ಬರಿಗೆ ಸೇರಿಸುವ ಮಾರ್ಗವನ್ನೇ ನ್ಯಾಯಾಲಯವು ಎತ್ತಿಹಿಡಿಯಿತು. ಕಾನೂನಿನಿಂದ ತಂದೆಮಕ್ಕಳ ಮನಸ್ಸನ್ನು ಕೂಡಿಸಲಾಗದು. ಆದರೆ ಅವರ ಮನಸ್ತಾಪದಿಂದ ಗಿರಣಿಯು ನಿಲ್ಲದಂತೆ ಮಾಡಬಹುದು.

ಸಮಾಪನವೇ ಆದರೆ ಏನಾಗುವುದೆಂಬುದನ್ನು ಗೃಹಿಣಿಯರು ಸ್ಪಷ್ಟವಾಗಿ ತಿಳಿದಿರಬೇಕು. ನ್ಯಾಯಮಂಡಳಿಯು ಲಿಕ್ವಿಡೇಟರೆಂಬ ಅಧಿಕಾರಿಯನ್ನು ನೇಮಿಸುತ್ತದೆ. ಷೆಡ್ಡು, ಯಂತ್ರ, ಲೆಕ್ಕದ ಪುಸ್ತಕ ಎಲ್ಲವೂ ಆತನ ವಶ. ವ್ಯಾಪಾರವನ್ನು ಮುಂದುವರಿಸುವ ಏರ್ಪಾಡಿಲ್ಲದಿದ್ದರೆ ಆ ಅಪ್ಪಣೆಯೇ ನೌಕರರಿಗೂ ಕೆಲಸಗಾರರಿಗೂ ಕೆಲಸದಿಂದ ಬಿಡುಗಡೆಯ ತಿಳುವಳಿಕೆಯೆಂದು ಕಾನೂನು ಎಣಿಸುತ್ತದೆ. ಅಣ್ಣತಮ್ಮಂದಿರ ಜಗಳದಲ್ಲಿ ಯಾವ ಪಾಲೂ ಇಲ್ಲದ ಕೂಲಿಗಾರನು ಮೊದಲು ಬೀದಿಗೆ ಬೀಳುತ್ತಾನೆ. ಆಸ್ತಿಯು ಮಾರಾಟವಾದಾಗ ಕೆಲಸಗಾರರ ಬಾಕಿಗೂ ಅಡಮಾನವುಳ್ಳ ಸಾಲಗಾರರಿಗೂ ಮೊದಲ ಹಕ್ಕು, ಆಮೇಲೆ ಇತರ ಸಾಲಗಳು. ಜಗಳವಾಡಿದ ಷೇರುದಾರರ ಸರದಿಯು ಕಟ್ಟಕಡೆಯಲ್ಲಿ. ನಡೆಯುವ ಯಂತ್ರಕ್ಕಿರುವ ಬೆಲೆಯು ನಿಂತ ಯಂತ್ರಕ್ಕೆ ಇರುವುದಿಲ್ಲವೆಂಬುದನ್ನು ಹಳೆಯ ಕಬ್ಬಿಣದ ವ್ಯಾಪಾರಿಯನ್ನು ಕೇಳಿದರೆ ತಿಳಿಯುತ್ತದೆ. ಇನ್ನೂ ಒಂದು ಮಾತು. ಕಂಪೆನಿಯ ಸಾಲಕ್ಕೆ ತಂದೆಯೋ ತಾಯಿಯೋ ಜಾಮೀನು ಬರೆದು ಬಸವೇಶ್ವರನಗರದ ಮನೆಯನ್ನು ಬ್ಯಾಂಕಿಗೆ ಆಧಾರ ಮಾಡಿದ್ದರೆ, ಕಂಪೆನಿಯು ಮುಳುಗಿದ ಮಾತ್ರಕ್ಕೆ ಆ ಹೊಣೆಯು ಮುಳುಗುವುದಿಲ್ಲ. ಕಂಪೆನಿಯು ಬೇರೊಬ್ಬ ವ್ಯಕ್ತಿಯೆಂಬ ಸಾಲೊಮನ್ನನ ಕವಚವು ಜಾಮೀನುದಾರರನ್ನು ಕಾಪಾಡದು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಹಾಗಾದರೆ ಈ ಕಾನೂನೇ ಬೇಡವೆ? ನಮ್ಮ ಅಭಿಪ್ರಾಯವು ಹಾಗಲ್ಲ. ಸಮಾಪನದ ಭಯವೆಂಬುದೊಂದು ಇಲ್ಲದಿದ್ದರೆ ಬಹುಮತದವರು ನ್ಯಾಯವಾದ ಬೆಲೆಯನ್ನು ಕೊಡುವುದಕ್ಕೆ ಎಂದಿಗೂ ಮನಸ್ಸುಮಾಡಲಾರರು. ದುರ್ಬಲನಾದ ತಮ್ಮನಿಗೆ, ಗಂಡನನ್ನು ಕಳೆದುಕೊಂಡು ಷೇರಿನ ಕಾಗದವನ್ನು ಮಾತ್ರ ಹಿಡಿದುಕೊಂಡಿರುವ ಸೊಸೆಗೆ ಇದೊಂದೇ ಆಯುಧ. ಆದರೆ ಆಯುಧವನ್ನು ಇಟ್ಟುಕೊಳ್ಳುವುದು ಬೇರೆ, ಪ್ರತಿ ಹಬ್ಬದ ಊಟದಲ್ಲಿಯೂ ಅದನ್ನು ಝಳಪಿಸುವುದು ಬೇರೆ. ಹಗೆಯನ್ನು ತೀರಿಸಿಕೊಳ್ಳುವುದಕ್ಕಾಗಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವವನು ತನ್ನ ಮನೆಗೆ ತಾನೇ ಕೊಳ್ಳಿಯಿಡುತ್ತಾನೆ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ದಾಯಾದಿಗಳಾದವರೆಲ್ಲರೂ ವೈರಿಗಳಾಗಬೇಕೆಂದು ಯಾವ ಗಾದೆಯೂ ಹೇಳಿಲ್ಲ. ಭಾಗವಾಗುವುದು ಪಾಪವೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಸಹೋದರರು ಬೇರೆಯಾಗಿ ಬಾಳುವುದರಿಂದ ಧರ್ಮವು ವೃದ್ಧಿಯಾಗುವುದೆಂದೇ ಮನುವಿನ ಮತ. ಕಾಲವರಿತು ಬೇರೆಯಾಗುವ ಧೈರ್ಯವಿಲ್ಲದೆ, ಒಳಗೊಳಗೇ ಕುದಿಯುತ್ತ ಒಂದೇ ಮೇಜಿನ ಮುಂದೆ ಕುಳಿತಿರುವುದರಿಂದಲೇ ಮನಸ್ತಾಪವು ಮೊಕದ್ದಮೆಯಾಗಿ ಬೆಳೆಯುತ್ತದೆ.

ಈಗ ಕೆಲವು ಹಿತವಚನಗಳು. ಕಂಪೆನಿಯನ್ನು ಕಟ್ಟುವಾಗ, ಎಂದರೆ ಪ್ರೀತಿಯು ಇನ್ನೂ ಇರುವಾಗಲೇ, ಅಗಲುವ ಬಗೆಯನ್ನು ಬರೆದಿಡಿರಿ: ಹೊರಗೆ ಹೋಗುವವನ ಷೇರನ್ನು ಯಾರು ಕೊಳ್ಳಬೇಕು, ಬೆಲೆಯನ್ನು ಯಾರು ಕಟ್ಟಬೇಕು, ಹಣವನ್ನು ಎಷ್ಟು ಕಂತುಗಳಲ್ಲಿ ಕೊಡಬೇಕು. ಇದನ್ನು ಬರಿಯ ಕರಾರುಪತ್ರದಲ್ಲಿ ಬಿಡದೆ ಕಂಪೆನಿಯ ನಿಯಮಾವಳಿಯಲ್ಲಿಯೇ ಸೇರಿಸುವುದು ಕ್ಷೇಮ. ಮತಗಳು ಸಮಸಮವಾದಾಗ ಏನು ಮಾಡಬೇಕೆಂಬುದೂ ಅಲ್ಲಿರಲಿ. ಎಲ್ಲವನ್ನೂ ಸಂಬಳವಾಗಿ ಹಂಚದೆ ಸ್ವಲ್ಪವನ್ನಾದರೂ ಡಿವಿಡೆಂಡಾಗಿ ಕೊಡುವ ರೂಢಿಯಿರಲಿ. ಷೆಡ್ಡಿಗೆ ಬಾರದ ತಾಯಿಗೂ ತಂಗಿಗೂ ಷೇರಿನ ಫಲವು ಮುಟ್ಟುವ ದಾರಿಯು ಅದೊಂದೇ. ಹಿರಿಯರು ಮರಣಶಾಸನವನ್ನು ಬರೆಯಲು ಹಿಂದೆಗೆಯಬಾರದು. ನಾಮಿನಿಯ ಹೆಸರನ್ನು ಬರೆಸಿದ್ದೇವೆ, ಸಾಕೆಂದು ಹಲವರು ನೆಮ್ಮದಿಯಿಂದಿರುತ್ತಾರೆ. ಷೇರುಗಳ ವಿಷಯದಲ್ಲಿ ನಾಮಿನಿಯು ಒಡೆಯನಾಗುವುದಿಲ್ಲ, ಉತ್ತರಾಧಿಕಾರಿಗಳ ಹಕ್ಕು ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ಗೃಹಿಣಿಯರಿಗೆ ನಮ್ಮ ವಿಜ್ಞಾಪನೆಯೆಂದರೆ, ಓದದೆ ಸಹಿಹಾಕಬೇಡಿರಿ; ಎಷ್ಟು ಷೇರು, ಯಾವ ಸಾಲಕ್ಕೆ ಜಾಮೀನು, ಯಾವ ಮನೆಯ ಪತ್ರ ಬ್ಯಾಂಕಿನಲ್ಲಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ.

ಇಷ್ಟಾಗಿಯೂ ಮನಸ್ಸು ಮುರಿದರೆ, ಅರ್ಜಿಗೆ ಮುಂಚೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನೂ ನೋಂದಾಯಿತ ಮೌಲ್ಯಮಾಪಕರೊಬ್ಬರನ್ನೂ ಕೂರಿಸಿ ಬೆಲೆಕಟ್ಟಿಸಿರಿ. ಅರ್ಜಿಯು ನಡೆಯುತ್ತಿರುವಾಗಲೂ ಸಂಧಾನಕ್ಕೆ ಕಳುಹಿಸಿಕೊಡಿರೆಂದು ಕೇಳುವುದಕ್ಕೆ ಕಾನೂನಿನಲ್ಲಿ ಅವಕಾಶವುಂಟು. ಅದನ್ನು ಕೇಳುವುದರಲ್ಲಿ ಮಾನಭಂಗವೇನೂ ಇಲ್ಲ. ನಾಲ್ಕು ಕಾಸು ಕಡಮೆಯಾದರೂ ಇಂದು ಕೈಗೆ ಬರುವ ಬೆಲೆಯು ಹತ್ತು ವರ್ಷಗಳ ಮೇಲೆ ತೀರ್ಪಿನಲ್ಲಿ ಬರಬಹುದಾದ ಬೆಲೆಗಿಂತ ಮೇಲು. ಅಣ್ಣನು ಕಂಪೆನಿಯನ್ನು ಇಟ್ಟುಕೊಳ್ಳಲಿ, ತಮ್ಮನು ಹಣವನ್ನು ತೆಗೆದುಕೊಂಡು ಪಕ್ಕದ ಬೀದಿಯಲ್ಲಿ ಹೊಸ ಷೆಡ್ಡನ್ನು ಹಾಕಲಿ. ಕೆಲಸಗಾರರಿಗೆ ಎರಡು ಕಡೆ ಕೆಲಸ ಸಿಕ್ಕುವುದು, ತಾಯಿಗೆ ಎರಡು ಮನೆಗಳ ಬಾಗಿಲು ತೆರೆದಿರುವುದು, ಮುಂದಿನ ಗೌರಿಯ ಹಬ್ಬಕ್ಕೆ ಮಗಳು ಯಾರ ಮನೆಗೆ ಮೊದಲು ಹೋಗಲೆಂದು ಅಂಜಬೇಕಾಗುವುದಿಲ್ಲ.